ಮೂತಿಹುಳದ ಊರು

ತಪ್ಪು ನನ್ನದು. ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವಷ್ಟು ತ್ರಾಣ ಈಗ ಉಳಿದಿಲ್ಲ. ಆಫ್ರಿಕಾದ ಒಂದು ಮೂತಿಹುಳಕ್ಕೆ, ಜಗತ್ತಿನಲ್ಲಿ ಅದುವರೆಗೆ ಯಾರೂ ಹೆಸರಿಡದೆ ಬಿಟ್ಟಿದ್ದ ಒಂದು ಬಡಪಾಯಿ ಕಂದು ಹುಳಕ್ಕೆ, ಲ್ಯಾಟಿನ್ ಭಾಷೆಯಲ್ಲಿ ಶಾಶ್ವತವಾಗಿ ಕಕ್ಕಸಿನ ಹೆಸರು ಬಂದದ್ದು ನನ್ನಿಂದ. ಹೆಸರಿಟ್ಟವರು ನನ್ನ ಬಾಸ್. ಹೇಳಿಕೊಟ್ಟವನು ನಾನು. ಮೈಸೂರಿನ ನಮ್ಮ ಮನೆಯಲ್ಲಿ ಕಕ್ಕಸು ಎನ್ನುತ್ತಿದ್ದುದನ್ನು ಧಾರವಾಡ, ಹುಬ್ಬಳ್ಳಿ ಕಡೆಯವರು ಸಂಡಾಸ ಎನ್ನುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಜಾಂಬಿಯಾದ ಒಂದು ಊರಿನ ಹೆಸರು ಸಂಡಾಸ ಎಂದು ನಂಬಿದ್ದೆ. ನಂಬಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ. ಕೇಳಿ ತಿಳಿದುಕೊಳ್ಳಲು ನಾಚಿಕೆಯಾಗಿತ್ತು.

ನಾಚಿಕೆ ಯಾಕೆ ಎಂದರೆ ನನ್ನ ವಿದ್ಯೆಯ ಬಗ್ಗೆ ಹೇಳಬೇಕು. ಯಾರ ಮಾತನ್ನಾದರೂ ಎರಡು ನಿಮಿಷ ಕೇಳಿದರೆ ಅವರ ಹಾಗೆಯೇ ಮಾತಾಡಬಲ್ಲೆ. ಅಮ್ಮ ಮೈಸೂರಿನ ದೊಡ್ಡಮ್ಮನ ಜೊತೆ ವೀಡಿಯೊ ಕಾಲ್‌ನಲ್ಲಿ ಇರುವಾಗ ಪಕ್ಕದ ಕೋಣೆಯಿಂದ ನಾನೇ ದೊಡ್ಡಮ್ಮನಾಗಿ ಉತ್ತರ ಕೊಟ್ಟು, ಒಮ್ಮೆ ಮದುವೆಯೊಂದಕ್ಕೆ ಒಪ್ಪಿಗೆಯನ್ನೇ ಕೊಟ್ಟಿದ್ದೆ. ಎಡಿಸನ್ ಎಂಬ ಊರಿನ ಅಂಕಲ್ ಒಬ್ಬರು ಎಲ್ಲರಿಗೂ "ನಾನು ಈ ಕಂಟ್ರಿಗೆ ಬಂದಾಗ ಏನೂ ಇರ್ಲಿಲ್ಲಪ್ಪ, ಐ ಮೀನ್ ನಥಿಂಗ್" ಎಂದು ಉಪದೇಶ ಮಾಡುತ್ತಾರೆ. ಅವರ ಹೆಂಡತಿಯೇ ಕಣ್ಣು ಮುಚ್ಚಿ ಕೇಳಿದರೆ ನನಗೂ ಅವರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನನ್ನನ್ನು ನಾನು ಅಣಕಿಸುವುದು ಎಲ್ಲಕ್ಕಿಂತ ಸುಲಭ: ಸ್ವಲ್ಪ ಮೂಗು, ಸ್ವಲ್ಪ ಆಕಳಿಕೆ, ವಾಕ್ಯ ಮುಗಿಸಲು ಸೋಮಾರಿತನವಾದಲ್ಲಿ ಒಂದು "ಯು ನೋ".

ಹನ್ನೊಂದನೆಯ ವಯಸ್ಸಿಗೆ ಮೈಸೂರು ಬಿಟ್ಟು ನ್ಯೂಜೆರ್ಸಿಗೆ ಬಂದವನು ನಾನು. ಕನ್ನಡ ಓದಲು ಬರೆಯಲು ಆಗಲೇ ಬರುತ್ತಿತ್ತು, ಆಮೇಲೆ ಮರೆಯಲು ಅಮ್ಮ ಬಿಡಲಿಲ್ಲ. ಈಗ ಮ್ಯಾನ್‌ಹ್ಯಾಟನ್‌ನ ಒಂದು ಕಾಲೇಜಿನ ಕೀಟಸಂಗ್ರಹದಲ್ಲಿ ನನ್ನ ಕೆಲಸ. ಒಂದೊಂದೇ ವರ್ಷದ ಕಾಂಟ್ರಾಕ್ಟ್. ಪ್ರತಿ ವಸಂತದಲ್ಲಿ ನಾನು ಇರುತ್ತೇನೋ ಇಲ್ಲವೋ ಎಂದು ಯಾರೋ ಒಂದು ಮೀಟಿಂಗಿನಲ್ಲಿ ಯೋಚಿಸುತ್ತಾರೆ. ಬೆಳಿಗ್ಗೆ ನಮ್ಮೂರಿನಿಂದ ರೈಲು, ಸೀಕಾಕಸ್‌ನಲ್ಲಿ ಇಳಿದು ಇನ್ನೊಂದು ರೈಲು, ಆಮೇಲೆ ಸಬ್‌ವೇ. ಸಂಜೆ ಅದೇ ದಾರಿ ಹಿಂದುಮುಂದಾಗಿ. ಮೊದಲ ವರ್ಷ ಪ್ಲಾಟ್‌ಫಾರ್ಮಿನಲ್ಲಿ ನಿಂತು, ರೈಲು ತಡ ಎಂದು ಹೇಳುವ ಧ್ವನಿವರ್ಧಕದ ಹೆಂಗಸನ್ನು ಅಣಕಿಸುತ್ತಿದ್ದೆ, ಜನ ನಗುತ್ತಿದ್ದರು. ಮೂರನೆಯ ವರ್ಷದ ಹೊತ್ತಿಗೆ ಅಣಕ ಕೇಳಿದವರು ನಿಜವೆಂದು ತಿಳಿದು ನಿಟ್ಟುಸಿರು ಬಿಡತೊಡಗಿದರು. ಅಲ್ಲಿಗೆ ಬಿಟ್ಟೆ.

ನನ್ನ ಬಾಸ್ ಅಮೆರಿಕನ್ ಹೆಂಗಸು, ಅರವತ್ತು ದಾಟಿದವರು, ಬದುಕಿಡೀ ಮೂತಿಹುಳಗಳನ್ನೇ ನೋಡಿದವರು. ಅಕ್ಕಿ ಚೀಲದಲ್ಲಿ ಓಡಾಡುವ ಸಣ್ಣ ಕಪ್ಪು ಹುಳ ಇದೆಯಲ್ಲ, ಮುಖದ ಮುಂದೆ ಪುಟ್ಟ ಸೊಂಡಿಲಿನಂಥ ಮೂತಿ ಇರುವುದು, ಅದರ ವಂಶ. ಅಕ್ಕಿಯಲ್ಲಿ ಕಂಡರೆ ನಮ್ಮಮ್ಮ ಮೊರಕ್ಕೆ ಹಾಕಿ ಕೇರುತ್ತಾರೆ. ಬಾಸ್ ಮೈಕ್ರೋಸ್ಕೋಪಿನ ಕೆಳಗೆ ಇಟ್ಟು "ಸುಂದರ" ಎನ್ನುತ್ತಾರೆ. ಬೇರೆ ಯಾವುದನ್ನೂ ಅವರು ಸುಂದರ ಎಂದದ್ದನ್ನು ನಾನು ಕೇಳಿಲ್ಲ. ಮೂತಿಯಿಲ್ಲದ ಜೀರುಂಡೆ ಕೈಗೆ ಬಂದರೆ ಮಾತಾಡದೆ ಪಕ್ಕದ ಕೋಣೆಗೆ ಕಳಿಸಿಬಿಡುತ್ತಾರೆ.

ಒಂದು ದಿನ ನದಿಯಾಚೆಯ ಕ್ವೀನ್ಸ್‌ನಿಂದ ಒಬ್ಬ ಹೆಂಗಸು ಪತ್ರ ಬರೆದು ತಮ್ಮ ತಂದೆಯ ಹುಳಗಳು ಬೇಕೇ ಎಂದು ಕೇಳಿದರು. ತಂದೆ ಧಾರವಾಡ ಕಡೆಯವರು. ಎಷ್ಟೋ ಹಿಂದೆ ಜಾಂಬಿಯಾದ ಉತ್ತರದ ಒಂದು ಸಣ್ಣ ಊರಿಗೆ ಗಣಿತ, ವಿಜ್ಞಾನ ಕಲಿಸಲು ಹೋಗಿದ್ದರು. ಬಿಡುವಿನಲ್ಲಿ ಹುಳ ಹಿಡಿಯುತ್ತಿದ್ದರು. ಈಗ ಮಗಳ ಮನೆಯಲ್ಲಿದ್ದಾರೆ, ಮಗಳಿಗೆ ಬೇಸ್‌ಮೆಂಟ್ ಖಾಲಿ ಮಾಡಬೇಕಾಗಿದೆ. ಬಂದದ್ದು ಒಂದು ಅಗಲವಾದ ಬಿಸ್ಕತ್ತಿನ ಡಬ್ಬ. ಒಳಗೆ ಹತ್ತಿಯ ಪದರಗಳು, ಪದರಗಳ ನಡುವೆ ಸಾಲಾಗಿ ಹುಳಗಳು, ಪ್ರತಿ ಹುಳದ ಪಕ್ಕದಲ್ಲಿ ಉಗುರಿನಷ್ಟು ಅಗಲದ ಚೀಟಿ. ಚೀಟಿಯ ಮೇಲೆ ಕನ್ನಡ.

ಬಾಸ್ ನನ್ನನ್ನು ಕರೆದು ಕೇಳಿದರು: "ಇದು ನಿನ್ನ ಭಾಷೆಯೇ?"

"ನನ್ನದೇ," ಎಂದೆ. ಅರ್ಧ ಸುಳ್ಳು ಅಲ್ಲಿಂದಲೇ ಶುರು.

ಒಂದು ಚೀಟಿಯಲ್ಲಿ "ಮಾವಿನ ಗಿಡ" ಎಂದಿತ್ತು. ಸುಲಭ. ಇನ್ನೊಂದರಲ್ಲಿ "ಹಳ್ಳದ ದಂಡಿ". ಹಳ್ಳದ ದಡ ಇರಬೇಕೆಂದು ಊಹಿಸಿದೆ. ಮತ್ತೊಂದರಲ್ಲಿ "ಸಾಲಿ ಗ್ವಾಡಿ", ಅಂದರೆ ಶಾಲೆಯ ಗೋಡೆ. ಅದೂ ಊಹೆಯೇ, ಅದೂ ಸರಿಯಾಗಿತ್ತು. ಮೂರು ಊಹೆ ಸರಿಯಾದವನಿಗೆ ಬರುವ ಧೈರ್ಯ ಕೆಟ್ಟದ್ದು. ಕೊನೆಯ ಪದರದಲ್ಲಿ ಒಂದೇ ಜಾತಿಯ ಹದಿನಾಲ್ಕು ಮೂತಿಹುಳಗಳಿದ್ದವು, ಹದಿನಾಲ್ಕು ಚೀಟಿಗಳಲ್ಲೂ ಒಂದೇ ಮಾತು: ಸಂಡಾಸ. ನಾನು ಕೇಳಿದ್ದ ಕನ್ನಡದ ಹಾಗೆ ಅದು ಕಾಣಲಿಲ್ಲ. ಜಾಂಬಿಯಾದ ನಕಾಶೆ ತೆರೆದೆ. ಲುಸಾಕಾ, ಕಾಸಾಮಾ, ಮಾನ್ಸಾ. ಆ ಸಾಲಿನಲ್ಲಿ ಸಂಡಾಸಾ ಎಂದು ಓದಿಕೊಂಡರೆ ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ನೀವೇ ನೋಡಿ.

ಆ ಹದಿನಾಲ್ಕನ್ನು ಬಾಸ್ ಎರಡು ದಿನ ನೋಡಿದರು. ಮೂರನೆಯ ದಿನ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಇಂಥದ್ದನ್ನು ಯಾರೂ ವರ್ಣಿಸಿಲ್ಲ, ಇದು ಹೊಸದು ಎಂದರು. ಯಾವುದೇ ಸಂಭ್ರಮವಿಲ್ಲ. ಡೆಂಟಿಸ್ಟ್ ಇನ್ನೊಂದು ಹಲ್ಲು ತೆಗೆಯಬೇಕು ಎಂದು ಹೇಳುವ ದನಿ. ಹೊಸದು ಎಂದರೆ ಆರು ತಿಂಗಳ ಕೆಲಸ ಎಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. "ಹಿಡಿದವರಿಗೆ ಫೋನ್ ಮಾಡಿ ತಿಳಿಸು," ಎಂದರು.

ಮಾಡಿದೆ. ಅತ್ತ ಕಡೆ ಮಾಸ್ತರೇ ಫೋನ್ ಎತ್ತಿ, "ಯಾರ್ರಿ ಮಾತಾಡೋರು?" ಎಂದರು. ಆ ನಾಲ್ಕು ಸೆಕೆಂಡಿನಲ್ಲೇ ನಾನು ಕೆಟ್ಟೆ. ಅಂಥ ದನಿಯನ್ನು ಎದುರಿಗೆ ಕೇಳಿ ವರ್ಷಗಳಾಗಿದ್ದವು. ನ್ಯೂಜೆರ್ಸಿಯ ನಮ್ಮ ಕನ್ನಡ ಎಲ್ಲ ಫ್ರಿಜ್‌ನಲ್ಲಿಟ್ಟ ಕನ್ನಡ. ಇದು ಈಗ ತಾನೇ ಒಲೆಯಿಂದ ಇಳಿಸಿದ್ದು. ನನ್ನ ನಾಲಿಗೆ ನನ್ನ ಅಪ್ಪಣೆ ಕೇಳಲಿಲ್ಲ.

"ನಾ ರೀ ಸರ್, ಹುಳದ ಆಫೀಸಿನಿಂದ ಮಾತಾಡಾಕತ್ತೀನ್ರಿ."

"ಏ, ನಮ್ಮ ಕಡೆಯಾಂವ ಇದ್ದಂಗ ಇದ್ದೀಯಲ್ಲೋ ತಮ್ಮಾ. ಯಾವೂರು?"

"ಧಾರವಾಡದ ಹತ್ರ ರೀ."

"ಹತ್ರ ಅಂದ್ರ?"

"ಭಾಳ ಹತ್ರ ರೀ."

 ಅವರು ನಕ್ಕು, ಹುಳದ ವಿಷಯಕ್ಕೆ ಬಂದರು. ಹೊಸದಂತೆ ಎಂದೆ.  "ನಂಗ ಆವಾಗನ ಸಂಶಯ ಇತ್ತು ನೋಡು," ಎಂದರು. ಅವತ್ತಿನಿಂದ ವಾರಕ್ಕೊಮ್ಮೆಯಾದರೂ ಮಾತು. ಪ್ರತಿ ಮಾತಿನಲ್ಲೂ ನಾನು ಇನ್ನೂ ಒಂದು ಹೆಜ್ಜೆ ಧಾರವಾಡದ ಒಳಕ್ಕೆ ಹೋದೆ. ಅವರು ಹೇಳಿದ ಮಾತುಗಳಲ್ಲಿ ಐದರಲ್ಲಿ ಒಂದು ನನಗೆ ಗೊತ್ತಾಗುತ್ತಿರಲಿಲ್ಲ. ಆದರೆ ಆ ಕಡೆಯವನೇ ಎಂದು ಹೇಳಿಕೊಂಡ ಮೇಲೆ, ಹಾಗಂದರೇನು ಎಂದು ಕೇಳುವುದು ಹೇಗೆ? "ಹೌದ್ರಿ, ಹೌದ್ರಿ" ಎನ್ನುತ್ತಿದ್ದೆ. ರಾಗ ಸರಿಯಾಗಿ ಹಿಡಿದರೆ "ಹೌದ್ರಿ" ಒಂದರಲ್ಲೇ ಒಂದು ಗಂಟೆ ಸಂಸಾರ ಮಾಡಬಹುದು.

ಹುಳದ ವರ್ಣನೆ ಶುರುವಾಯಿತು. ವರ್ಣನೆ ಎಂದರೆ ಹುಳವನ್ನು ಹೊಗಳುವುದಲ್ಲ. ಹದಿನಾಲ್ಕನ್ನೂ ಒಂದೊಂದಾಗಿ ಬಿಸಿನೀರಿನ ಹಬೆಯಲ್ಲಿ ಮೆದು ಮಾಡಬೇಕು, ಕಾಲು ಬಿಡಿಸಬೇಕು, ತ್ರಿಕೋನದ ಕಾಗದದ ತುದಿಗೆ ಅಂಟಿಸಿ ಸೂಜಿಗೆ ಚುಚ್ಚಬೇಕು. ಮೂತಿಯ ಉದ್ದ, ಎದೆಯ ಅಗಲ, ಬೆನ್ನಿನ ಕವಚದ ಉದ್ದ ಅಳೆಯಬೇಕು. ಹದಿನಾಲ್ಕು ಸಲ. ಆಮೇಲೆ ಬಾಸ್ "ಮತ್ತೊಮ್ಮೆ" ಎನ್ನುತ್ತಾರೆ. ಹುಳ ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದು. ಬೆನ್ನ ಮೇಲೆ ಬೂದಿ ಬಣ್ಣದ ಹುರುಪೆಗಳ ಎರಡು ಪಟ್ಟಿ. ಮೂತಿಯ ನಡುಮಧ್ಯದಿಂದ ಮೊಣಕೈಯ ಹಾಗೆ ಬಾಗಿದ ಮೀಸೆಗಳು. ಗಂಡಿನ ಮುಂದಿನ ತೊಡೆಯಲ್ಲಿ ಒಂದು ಪುಟ್ಟ ಹಲ್ಲು, ನೆಂಟರಿಷ್ಟರಲ್ಲಿ ಬೇರೆ ಯಾರಿಗೂ ಇಲ್ಲದ್ದು. ಹೊಸತನವೆಲ್ಲ ಆ ಹಲ್ಲಿನಲ್ಲಿತ್ತು. ಚಳಿಗಾಲದಲ್ಲಿ ನಾಲ್ಕೂವರೆಗೆ ಕಿಟಕಿ ಕಪ್ಪಾಗುತ್ತಿತ್ತು. ನಾನು ಕತ್ತು ನೋಯಿಸಿಕೊಂಡು ಹಲ್ಲನ್ನು ನೋಡುತ್ತಾ ಕೂತಿರುತ್ತಿದ್ದೆ. ಒಂದು ಫೋಟೋಗೆ ಐವತ್ತು ಫೋಟೋ ತೆಗೆದು ಒಂದರ ಮೇಲೊಂದು ಕೂಡಿಸಬೇಕು, ಇಲ್ಲದಿದ್ದರೆ ಮೂತಿ ಸ್ಪಷ್ಟವಾದರೆ ಬಾಲ ಮಸುಕು. ಯಾರಾದರೂ ಬಾಗಿಲು ಧಡಾರೆಂದು ಹಾಕಿದರೆ ಮತ್ತೆ ಮೊದಲಿನಿಂದ.

ಬರೆಯುವ ರೀತಿಯೂ ವಿಚಿತ್ರ. ಹುಳದ ವರ್ಣನೆಯಲ್ಲಿ ಕ್ರಿಯಾಪದ ಇರುವುದಿಲ್ಲ. ಮೂತಿ ಬಾಗಿದ್ದು. ತೊಡೆ ಊದಿದ್ದು. ಹಲ್ಲು ಒಂದು. ಆರು ತಿಂಗಳು ಇದನ್ನೇ ಓದಿ ಮನೆಯಲ್ಲೂ ನನಗೆ ಅದೇ ಬಾಯಿಗೆ ಬರತೊಡಗಿತು. ಒಂದು ಸಂಜೆ ಅಮ್ಮನನ್ನು ನೋಡಿ, "ತಾಯಿ. ಸ್ವೆಟರ್ ಕಂದು. ಮೂಗು ಚೂಪು. ಸಿಟ್ಟು ಆಗಾಗ," ಎಂದೆ. ಅಮ್ಮ ತಲೆ ಎತ್ತದೆ, "ಮಗ. ಮೂವತ್ತು ಹತ್ತಿರ. ಪಾತ್ರೆ ತೊಳೆದದ್ದಿಲ್ಲ," ಎಂದರು.

ಕೊನೆಗೆ ಹೆಸರಿನ ಸರದಿ. ಹಿಡಿದವರ ಹೆಸರನ್ನೇ ಇಡೋಣ ಎಂದು ಬಾಸ್ ಹೇಳಿದರು, ಅದು ರೂಢಿ. ಫೋನಿನಲ್ಲಿ ಮಾಸ್ತರಿಗೆ ಹೇಳಿದೆ. ಅವರು ಒಪ್ಪಲಿಲ್ಲ.

"ನನ್ನ ಹೆಸರು ಬ್ಯಾಡ. ನಾ ಏನ್ ಮಾಡೀನಿ, ಹುಳ ಹಿಡದು ಡಬ್ಬ್ಯಾಗ ಹಾಕೀನಿ. ಊರಿನ ಹೆಸರು ಇಡ್ರಿ. ಹತ್ತೊಂಬತ್ತು ವರ್ಷ ಅನ್ನ ಹಾಕಿದ ಊರು, ತಮ್ಮಾ. ಇಲ್ಲಿ ಯಾರಿಗೆ ಹೇಳಿದ್ರೂ ಅದೆಲ್ಲಿ ಬಂತು ಅಂತಾರ. ನನ್ನ ಮೊಮ್ಮಕ್ಕಳಿಗೆ ಹೆಸರು ಸೈತ ಅನ್ನಾಕ ಬರಂಗಿಲ್ಲ. ಪುಸ್ತಕದಾಗರ ಇರಲಿ."

ಆ ಮನುಷ್ಯ ನಮ್ಮಿಂದ ಕೇಳಿದ್ದು ಅದೊಂದೇ.

"ಊರಿನ ಹೆಸರು ಬರ್ದೀರಿ ಅಲ್ರಿ ಸರ್?" ಎಂದೆ.

"ಬರ್ದೀನಲ್ಲ, ನೋಡ್ಕೋ."

ನೋಡಿಕೊಂಡೆ. ಚೀಟಿಯಲ್ಲಿ ಸಂಡಾಸ ಎಂದಿತ್ತು. ಲ್ಯಾಟಿನ್‌ನಲ್ಲಿ ಊರಿನ ಹೆಸರಿಗೆ "ಎನ್ಸಿಸ್" ಸೇರಿಸಿದರೆ ಆ ಊರಿನದು ಎಂದು ಅರ್ಥ. ಬಾಸ್ ಕಾಗದದ ಮೇಲೆ ಬರೆದು ನೋಡಿದರು: ಸಂಡಾಸೆನ್ಸಿಸ್. "ಕೇಳಲು ಚೆನ್ನಾಗಿದೆ," ಎಂದರು. ಆದರೆ ಅವರು ಜಾಗರೂಕ ಹೆಂಗಸು. ನಕಾಶೆಗಳಲ್ಲಿ, ಹಳೆಯ ಊರುಪಟ್ಟಿಗಳಲ್ಲಿ ಹುಡುಕಿದರು, ಸಿಗಲಿಲ್ಲ. ಸಣ್ಣ ಊರುಗಳು ಹೀಗೇ, ಆದರೂ ಒಮ್ಮೆ ಖಚಿತ ಮಾಡಿಕೋ ಎಂದು ನನ್ನನ್ನು ಮತ್ತೆ ಫೋನಿಗೆ ಕೂರಿಸಿದರು, ತಾವು ಪಕ್ಕದಲ್ಲೇ ಪೆನ್ಸಿಲ್ ಹಿಡಿದು ಕೂತರು. ಆ ಮಾತುಕತೆ ನನಗೆ ಅಕ್ಷರ ಬಿಡದೆ ನೆನಪಿದೆ. ಮರೆಯಲು ಬೇಕಾದಷ್ಟು ಪ್ರಯತ್ನ ಮಾಡಿದ್ದೇನೆ.

"ಸರ್, ಆ ಹದಿನಾಲ್ಕು ಹುಳ ಸಿಕ್ಕಿದ್ದು ಸಂಡಾಸದಾಗ ಅಲ್ರಿ?"

"ಹೌದು, ಸಂಡಾಸದಾಗ. ಬ್ಯಾರೆ ಎಲ್ಲೂ ಅಷ್ಟು ಸಿಗತಿದ್ದಿಲ್ಲ."

"ದೊಡ್ಡದೇನ್ರಿ ಸರ್ ಅದು?"

"ಎಲ್ಲಿ ದೊಡ್ಡದೋ. ಸಣ್ಣದು. ಇಬ್ಬರು ನಿಂದ್ರಾಕ ಜಾಗಾ ಇದ್ದಿಲ್ಲ."

"ಎಲ್ಲಿ ಬರ್ತೈತ್ರಿ?"

"ನಮ್ಮ ಸಾಲಿ ಹಿಂದ."

"ಕರೆಂಟ್ ಇತ್ತೇನ್ರಿ?"

"ಊರಾಗ ಯಾರ ಮನಿಗೂ ಇದ್ದಿಲ್ಲ. ಸಂಡಾಸಕ್ಕ ಮಾತ್ರ ಒಂದು ಬಲ್ಬ್, ಸಾಲಿ ಜನರೇಟರ್‌ದ್ದು. ಅದಕ್ಕ ಹುಳ ಅಲ್ಲಿಗೆ ಬರತಿದ್ದು."

ಫೋನ್ ಇಟ್ಟು ಬಾಸ್‌ಗೆ ವರದಿ ಒಪ್ಪಿಸಿದೆ: ಬಹಳ ಸಣ್ಣ ಜಾಗ, ಜನವಸತಿ ಹೆಚ್ಚಿಲ್ಲ, ಶಾಲೆಯ ಹಿಂಭಾಗದಲ್ಲಿದೆ, ಆದರೆ ಸುತ್ತಮುತ್ತಲಲ್ಲಿ ವಿದ್ಯುತ್ ಇದ್ದದ್ದು ಅಲ್ಲಿಗೆ ಮಾತ್ರ. ಬಾಸ್ ಅಷ್ಟನ್ನೂ ಬರೆದುಕೊಂಡರು. ನಾನು ಆ ಸಂಜೆ ಇಡೀ ಸಬ್‌ವೇಯಲ್ಲಿ "ನಿಂದ್ರಾಕ ಜಾಗಾ ಇದ್ದಿಲ್ಲ" ಎಂಬುದನ್ನು ಬಾಯೊಳಗೇ ಹೇಳಿ ಹೇಳಿ ಸರಿಮಾಡಿಕೊಂಡೆ. ಅವರು "ಇದ್ದಿಲ್ಲ" ಎನ್ನುವಾಗ ದನಿ ಹೇಗೆ ಇಳಿಯುತ್ತದೆ ಎನ್ನುವುದರ ಮೇಲಿದ್ದ ನನ್ನ ಗಮನದಲ್ಲಿ ಒಂದು ಪಾಲು ಅವರು ಏನು ಹೇಳಿದರು ಎನ್ನುವುದರ ಮೇಲೆ ಇದ್ದಿದ್ದರೆ ಈ ಬರಹ ಬರೆಯಬೇಕಾಗುತ್ತಿರಲಿಲ್ಲ.

ವಸಂತದಲ್ಲಿ ಲೇಖನ ಪ್ರಕಟವಾಯಿತು. ನಾನು ಮಾಸ್ತರ ಮಗಳಿಗೆ ಲಿಂಕ್ ಕಳಿಸಿದೆ. ಮಾಸ್ತರಿಗೆ ಸ್ಕ್ರೀನಿನಲ್ಲಿ ಓದಲಾಗುವುದಿಲ್ಲ, ಕಾಗದದಲ್ಲೇ ಬೇಕು, ಭೂತಗನ್ನಡಿ ಹಿಡಿದು ಓದುತ್ತಾರೆ. ಮಾರನೆಯ ದಿನ ಸಂಜೆ ಸೀಕಾಕಸ್‌ನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಮಗಳ ಫೋನ್ ಬಂತು. ಅದುವರೆಗೆ ಇಮೇಲ್‌ನಲ್ಲಿ ಮಾತ್ರ ಪರಿಚಯ.

"ನೀವ ಅಲ್ಲೇನ್ರಿ ಅಪ್ಪನ ಹುಳದ ಹುಡುಗ?"

"ಹೌದ್ರಿ ಆಂಟಿ," ಎಂದೆ, ಅವರಪ್ಪನ ದನಿಯಲ್ಲೇ.

"ಪೇಪರ್ ಪ್ರಿಂಟ್ ತೆಗಿಯಾಕ ಹೋಗಿ ನಿಂತುಬಿಟ್ಟೆ. ಒಂದು ಮಾತು ಕೇಳ್ತೀನಿ. ನಿಮ್ಮ ಮನ್ಯಾಗ ಸಂಡಾಸಕ್ಕ ಏನಂತೀರಿ?"

ಪ್ರಶ್ನೆ ತಲೆಗೆ ಹೋಗಲಿಲ್ಲ. ಹೋಗದ ಪ್ರಶ್ನೆಗಳಿಗೆ ನನ್ನ ಬಳಿ ಒಂದೇ ಮದ್ದಿತ್ತು. "ಸಂಡಾಸಕ್ಕ ಸಂಡಾಸನ ಅಂತೀವ್ರಿ," ಎಂದೆ.

"ಹಂಗಾರ ಗೊತ್ತಿದ್ದು ಬೇಕಂತನ ಇಟ್ಟೀರಿ."

ಆ ಮಾತಿನಲ್ಲಿ ಸಿಟ್ಟು ಜೋರಾಗಿರಲಿಲ್ಲ. ಕೆಲಸ ಮುಗಿಸಿ ಬಂದು ಕೂತವರ ದನಿ ಅದು. ಏನೋ ದೊಡ್ಡದು ಮುರಿದಿದೆ ಎಂದು ಆಗ ಗೊತ್ತಾಯಿತು. ಮೊದಲ ಸಲ ಆ ಮನೆಯವರ ಜೊತೆ ನನ್ನ ಕನ್ನಡದಲ್ಲಿ ಮಾತಾಡಿದೆ.

"ಇಲ್ಲ ಆಂಟಿ. ನಾನು ಧಾರವಾಡದೋನಲ್ಲ, ಮೈಸೂರಿನೋನು. ಸಂಡಾಸ ಅಂದ್ರೆ ಏನೂಂತ ನಿಜ್ವಾಗ್ಲೂ ಗೊತ್ತಿಲ್ಲ. ಊರು ಅಂದ್ಕೊಂಡೆ."

 ಅತ್ತ ಕಡೆಯಿಂದ ಅಪ್ಪಟ ಅಮೆರಿಕನ್ ಇಂಗ್ಲಿಷಿನಲ್ಲಿ, ಮಕ್ಕಳಿಗೆ ಹೇಳುವ ಹಾಗೆ, ಒಂದೇ ಶಬ್ದ: "ಟಾಯ್ಲೆಟ್."

ನನ್ನ ರೈಲು ಬಂತು, ಬಾಗಿಲು ತೆರೆಯಿತು, ಮುಚ್ಚಿತು. ನಾನು ಹತ್ತಲಿಲ್ಲ.

"ಅಪ್ಪ ಇನ್ನೂ ನೋಡಿಲ್ಲ," ಎಂದರು ಆಂಟಿ. "ದಿನಾ ಕೇಳ್ತಾರ, ಬಂತೇನು, ಊರಿನ ಹೆಸರು ಅಚ್ಚಿನ್ಯಾಗ ಹೆಂಗ ಕಾಣ್ತೈತಿ ನೋಡೂಣು ಅಂತ. ಎಂಬತ್ತಾರು ವರ್ಷ ಆಗೇತಿ ಅವರಿಗೆ. ನಾ ಅಂತೂ ಹೇಳಂಗಿಲ್ಲ. ಶನಿವಾರ ಫ್ಲಶಿಂಗ್ ಗುಡಿಗೆ ಬರ್ತೀವಿ, ಕೆಳಗ ಕ್ಯಾಂಟೀನ್‌ದಾಗ ಇರ್ತೀವಿ. ನೀವ ಬಂದು ಹೇಳ್ರಿ."

ಮರುದಿನ ಬೆಳಿಗ್ಗೆ ಬಾಸ್ ಮುಂದೆ ನಿಂತೆ. ಅವರು ಒಂದು ಹುಳಕ್ಕೆ ಅಂಟು ಹಚ್ಚುತ್ತಿದ್ದರು.

"ಸಂಡಾಸ ಊರಲ್ಲ," ಎಂದೆ.

"ಮತ್ತೇನು?"

"ಕಕ್ಕಸು."

ಚಿಮಟವನ್ನು ಕೆಳಗಿಟ್ಟರು. ಕನ್ನಡಕ ತೆಗೆದರು. "ನೀನು ಸಣ್ಣದು ಎಂದಿದ್ದೆ," ಎಂದರು. "ಹೌದು." "ವಿದ್ಯುತ್ ಇತ್ತು ಎಂದಿದ್ದೆ." "ಇತ್ತು." ನಗುತ್ತಾರೇನೋ ಎಂದು ನೋಡಿದೆ. ನಗಲಿಲ್ಲ. ಹೆಸರಿಡುವ ನಿಯಮಗಳ ಪುಸ್ತಕ ಕಪಾಟಿನಲ್ಲಿತ್ತು. ಅದನ್ನು ತೆರೆಯುವ ಅಗತ್ಯ ಅವರಿಗೆ ಇರಲಿಲ್ಲ, ಆದರೂ ತೆರೆದು ನನ್ನ ಮುಂದೆ ಇಟ್ಟರು. ಹೊಂದುವುದಿಲ್ಲ, ತಪ್ಪು ಅರ್ಥ ಕೊಡುತ್ತದೆ ಎಂಬ ಕಾರಣಕ್ಕೆ ಒಮ್ಮೆ ಅಚ್ಚಾದ ಹೆಸರನ್ನು ಬದಲಾಯಿಸುವಂತಿಲ್ಲ. "ಇನ್ನು ಇದೇ ಅದರ ಹೆಸರು. ನಾನು ಹೋದ ಮೇಲೂ, ನೀನು ಹೋದ ಮೇಲೂ."

ಆಮೇಲೆ ಕಿಟಕಿಯ ಕಟ್ಟೆಯ ಮೇಲಿದ್ದ ಬಿಸ್ಕತ್ತಿನ ಡಬ್ಬವನ್ನು ತೆಗೆದುಕೊಂಡರು. ಹುಳಗಳನ್ನು ತೆಗೆದ ಮೇಲೆ ಅದರಲ್ಲಿ ನಾವು ಪೆನ್ಸಿಲ್ ಇಡುತ್ತಿದ್ದೆವು. ಪೆನ್ಸಿಲ್‌ಗಳನ್ನು ಮೇಜಿನ ಮೇಲೆ ಸುರಿದು ಡಬ್ಬ ಮಗುಚಿದರು. ತಳದಲ್ಲಿ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಊರಿನ ಹೆಸರು, ಜಿಲ್ಲೆ, ದೇಶ. ಶಾಲಾ ಮಾಸ್ತರ ಅಚ್ಚುಕಟ್ಟಾದ ಕೈಬರಹ. ಎಲ್ಲ ಹುಳಗಳೂ ಒಂದೇ ಊರಿನವು, ಪ್ರತಿ ಚೀಟಿಯಲ್ಲೂ ಅದನ್ನೇ ಯಾಕೆ ಬರೆಯಬೇಕು ಎಂದು ಡಬ್ಬಕ್ಕೆ ಒಂದೇ ಸಲ ಬರೆದಿದ್ದರು. ಆರು ತಿಂಗಳು ನಾವಿಬ್ಬರೂ ಆ ಹೆಸರಿನ ಮೇಲೆ ಪೆನ್ಸಿಲ್ ಇಟ್ಟಿದ್ದೆವು.

"ಡಬ್ಬ ನಾನೂ ನೋಡಬೇಕಿತ್ತು," ಎಂದರು ಬಾಸ್. "ಆದರೆ ನೀನು ಅವರ ಜೊತೆ ಅಷ್ಟು ಚೆನ್ನಾಗಿ ಮಾತಾಡುತ್ತಿದ್ದೆಯಲ್ಲ. ನನಗೆ ಒಂದಕ್ಷರ ತಿಳಿಯದಿದ್ದರೂ ಕೇಳುತ್ತಾ ಕೂರುತ್ತಿದ್ದೆ."

ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಒಂದು ತಿದ್ದುಪಡಿ ಅಚ್ಚು ಹಾಕಿಸಬಹುದು ಎಂದರು. ಹುಳ ಸಿಕ್ಕಿದ ನಿಜವಾದ ಊರು ಯಾವುದು, ಮತ್ತು ಸಂಡಾಸ ಎಂದರೆ ಏನು, ಎರಡನ್ನೂ ಹೇಳಬೇಕು. ಎರಡನೆಯದಕ್ಕೆ ಮರ್ಯಾದೆಯ ಮಾತೊಂದನ್ನು ಹುಡುಕು, "ಶಾಲೆಯ ಹೊರಕಟ್ಟಡ" ಎಂದು ಹಾಕಿದರೂ ಸುಳ್ಳಾಗುವುದಿಲ್ಲ. ಮಾಸ್ತರು ಏನು ಹೇಳುತ್ತಾರೋ ಅದೇ ಕೊನೆ, ಕೇಳಿಕೊಂಡು ಬಾ.

ಶನಿವಾರ ಅರ್ಧ ದಿನ ರೈಲಿನಲ್ಲೇ ಹೋಯಿತು. ವಾರಾಂತ್ಯಕ್ಕೆ ಯಾವ ರೈಲೂ ತನ್ನ ದಾರಿಯಲ್ಲಿ ಹೋಗುವುದಿಲ್ಲ. ಫ್ಲಶಿಂಗ್‌ಗೆ ಹೋಗುವ ಏಳನೆಯ ನಂಬರಿನ ರೈಲಿನಲ್ಲಿ ಕೂತು, ಹೇಗೆ ಹೇಳುವುದೆಂದು ಬೇರೆ ಬೇರೆ ದನಿಗಳಲ್ಲಿ ಅಭ್ಯಾಸ ಮಾಡಿದೆ. ಬಾಸ್ ದನಿಯಲ್ಲಿ ಹೇಳಿದರೆ ಶವಪರೀಕ್ಷೆಯ ವರದಿಯಂತಿತ್ತು. ಎಡಿಸನ್ ಅಂಕಲ್ ದನಿಯಲ್ಲಿ ಹೇಳಿದರೆ ತಪ್ಪು ಮಾಸ್ತರದೇ ಅನ್ನಿಸುತ್ತಿತ್ತು. ಜ್ಯಾಕ್ಸನ್ ಹೈಟ್ಸ್ ದಾಟುವ ಹೊತ್ತಿಗೆ ಸಾಕಾಗಿ ಸುಮ್ಮನಾದೆ.

ಗುಡಿಯ ಕೆಳಗಿನ ಕ್ಯಾಂಟೀನ್ ತುಂಬಿತ್ತು. ಮೈಕಿನಲ್ಲಿ ನಂಬರ್ ಕೂಗುತ್ತಿದ್ದರು, ಕುರ್ಚಿಗಳ ಬೆನ್ನಿಗೆಲ್ಲ ಜಾಕೆಟ್‌ಗಳು. ಮೂಲೆಯ ಮೇಜಿನಲ್ಲಿ ಆಂಟಿ, ಪಕ್ಕದಲ್ಲಿ ಉಣ್ಣೆ ಟೋಪಿಯ, ನಾನು ಅಂದುಕೊಂಡಿದ್ದಕ್ಕಿಂತ ತೀರ ಸಣ್ಣ ಆಳು. ದನಿ ಕೇಳಿ ನಾನು ಅವರನ್ನು ಆರಡಿ ಮಾಡಿಟ್ಟಿದ್ದೆ.

"ಬಾ ತಮ್ಮಾ, ಕೂಡು. ದ್ವಾಸಿ ಹೇಳೀವಿ."

"ಸರ್, ಮೊದ್ಲು ಒಂದು ಮಾತು. ನಾನು ಧಾರವಾಡದ ಹತ್ರದವನಲ್ಲ."

"ಗೊತ್ತೈತಿ."

"ಯಾವಾಗಿಂದ ಸರ್?"

"ಮೊದಲನೇ ದಿನದಿಂದ. ನಮ್ಮ ಕಡೆ ಮಂದಿ ಯಾರೂ ಅಷ್ಟು ಧಾರವಾಡ ಮಾತಾಡಂಗಿಲ್ಲ."

ಆಂಟಿ ಅಪ್ಪನ ಮುಖ ನೋಡಿದರು. ಅವರಿಗೂ ಇದು ಹೊಸ ಸುದ್ದಿ. "ಮತ್ತೆ ಯಾಕೆ ಸುಮ್ನೆ ಬಿಟ್ರಿ ಸರ್?" ಎಂದೆ.

"ಛಲೋ ಮಾತಾಡ್ತಿದ್ದಿ. ಇಲ್ಲಿ ನನ್ನ ಕೂಡ ಹಂಗ ಯಾರು ಮಾತಾಡ್ತಾರ? ಇಕಿ ದಿನಾ ಕೆಲಸಕ್ಕ ಹೋಗ್ತಾಳ. ತಾ, ಪೇಪರ್ ತಾ."

ಕೊಟ್ಟೆ. ಅವರು ಭೂತಗನ್ನಡಿ ತೆಗೆದು ಶೀರ್ಷಿಕೆಯ ಮೇಲೆ ಇಟ್ಟರು. ಬೆರಳು ಒಂದೊಂದೇ ಅಕ್ಷರ ದಾಟಿ ಹುಳದ ಹೆಸರಿಗೆ ಬಂದು ನಿಂತಿತು. "ಸಂ. ಡಾ. ಸೆನ್. ಸಿಸ್," ಎಂದು ಬಿಡಿಸಿ ಓದಿದರು. ತಲೆ ಎತ್ತಿ ನನ್ನನ್ನು ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಚೀಟಿ, ನಕಾಶೆ, ಫೋನು, ಡಬ್ಬದ ತಳ. ಯಾರ ದನಿಯನ್ನೂ ಹಾಕಲಿಲ್ಲ. ಹಾಕಲು ಯಾವುದೂ ಸಿಗಲಿಲ್ಲ. ನನ್ನ ಮಾತು ನನ್ನ ಕಿವಿಗೇ ಸಪ್ಪೆಯಾಗಿ ಕೇಳಿಸಿತು.

"ತಿದ್ದಾಕ ಬರಂಗಿಲ್ಲೇನು?"

"ಇಲ್ಲ ಸರ್."

"ಎಷ್ಟು ವರ್ಷ?"

"ಯಾವತ್ತೂ ಇಲ್ಲ ಸರ್."

ಭೂತಗನ್ನಡಿಯನ್ನು ಶಾಲಿನ ತುದಿಯಿಂದ ಒರೆಸಿ, ಅದೇ ಹೆಸರಿನ ಮೇಲೆ ಮತ್ತೊಮ್ಮೆ ಇಟ್ಟು ನೋಡಿದರು. ಬೇರೆ ಏನಾದರೂ ಕಾಣಬಹುದು ಎನ್ನುವ ಹಾಗೆ. "ಊರು ಬರಲಿಲ್ಲ ಅಂದಂಗಾತು," ಎಂದರು. ಹೇಳಿದ್ದು ನನಗಲ್ಲ, ಮಗಳಿಗೂ ಅಲ್ಲ.

"ತಿದ್ದುಪಡಿಯಲ್ಲಿ ಬರತ್ತೆ ಸರ್, ಹುಳ ಸಿಕ್ಕಿದ ಊರು ಅಂತ," ಎಂದೆ. "ಹುಳದ ಹೆಸರಿನಲ್ಲಿ ಮಾತ್ರ ಬರಲ್ಲ. ಆಮೇಲೆ, ಸಂಡಾಸ ಅಂದ್ರೆ ಏನು ಅಂತಾನೂ ಅದ್ರಲ್ಲಿ ಬರೀಬೇಕು. ಅಲ್ಲಿ ಏನು ಬರೀಬೇಕು ಅಂತ ನೀವೇ ಹೇಳ್ಬೇಕು."

"ಹೊರಕಟ್ಟಡ ಅಂತ ಬರಸೂಣು ಅಪ್ಪಾ," ಎಂದರು ಆಂಟಿ. "ಸಾಲಿ ಹಿಂದಿನ ಹೊರಕಟ್ಟಡ. ಸುಳ್ಳೇನಲ್ಲ ಅದು. ನಾಳೆ ನನ್ನ ಮಕ್ಕಳು ಗೂಗಲ್ ಮಾಡಿ ನೋಡ್ತಾರ, ಅವರ ಫ್ರೆಂಡ್ಸ್ ನೋಡ್ತಾರ. ಅಜ್ಜನ ಹುಳ ಅಂದ ಕೂಡಲೇ ಅದು ಬರೋದು ಬ್ಯಾಡ."

ನಾನು ಬ್ಯಾಗಿನಿಂದ ನೋಟ್‌ಬುಕ್ ತೆಗೆದು "ಹೊರಕಟ್ಟಡ" ಎಂದು ಬರೆಯತೊಡಗಿದೆ. ಮೈಕಿನಲ್ಲಿ ನಮ್ಮ ನಂಬರ್ ಕೂಗಿದರು, ಯಾರೂ ಏಳಲಿಲ್ಲ. ಮಾಸ್ತರು ನನ್ನ ಪೆನ್ನಿನ ಮೇಲೆ ಎರಡು ಬೆರಳು ಇಟ್ಟು ತಡೆದರು. ತರಗತಿಯಲ್ಲಿ ಹುಡುಗರ ಲೆಕ್ಕ ತಪ್ಪುತ್ತಿದ್ದಾಗಲೂ ಹಾಗೇ ಇಡುತ್ತಿದ್ದರೇನೋ.

"ಹೊರಕಟ್ಟಡ ಯಾಕ? ಸಂಡಾಸ ಅಂತನ ಬರಿ. ಊರು ನಾ ಹೋಗೂಕಿಂತ ಮೊದಲ ಇತ್ತು. ಸಂಡಾಸ ಇದ್ದಿಲ್ಲ, ಅದನ್ನ ಇಟ್ಟಂಗಿ ಹೊತ್ತು ಕಟ್ಟಿದಾಂವ ನಾನು."